ವರನ ಜಾಗಕ್ಕೆ ನಾಯಿಯನ್ನು ತಂದುಕೊಟ್ಟ ಡ್ರೈವರ್ ಅವರಿಗೆ

ಮಾನ್ಯರೇ,

ಕಂಪ್ಯೂಟರಿನೊಳಗೆ ಕಣ್ಣಿಗೆ ಕಾಣದಂತೆ ದುಡಿಯುವ ಸ್ಟೋರೇಜ್ ಡ್ರೈವರ್ ಆದ ತಮಗೆ, ಚಿಕ್ಕಪ್ಪನ ಪ್ರಿಂಟಿಂಗ್ ಅಂಗಡಿಯಲ್ಲಿ ಕಾಗದ ಕತ್ತರಿಸುವ ನಾನು ಕೈಮುಗಿದು, ಎದುರು ನಿಂತು ಹೇಳಲು ಸಂಕೋಚವಾಗಿ, ಮಿಕ್ಕಿದ ಕರೆಯೋಲೆಯ ಬೆನ್ನಿನ ಮೇಲೆ ಬರೆದುಕೊಳ್ಳುವುದೇನೆಂದರೆ:

ಹಿಂದಿನ ಕೋಣೆಯ ಕಪ್ಪು ಪೆಟ್ಟಿಗೆಯಲ್ಲಿರುವ ಫೋಟೋಗಳನ್ನು ನೆಟ್‌ವರ್ಕ್ ವೈರಿನ ಮೂಲಕ ತಂದುಕೊಡುವುದು ತಮ್ಮ ಕೆಲಸ. ಪೆಟ್ಟಿಗೆ ಉತ್ತರ ಕೊಡದಿದ್ದರೆ ತಾವು ಮೊದಲೆಲ್ಲ ಸಂಜೆಯವರೆಗೂ ಕಾಯುತ್ತಿದ್ದಿರಿ. ಅಂಥ ತಾಳ್ಮೆ ಕಲ್ಲಿಗೂ ಇಲ್ಲ. "ಡ್ರೈವರ್ ಕೆಟ್ಟಿದೆ, ರಿಪೇರಿ ಮಾಡಿಸ್ಬೇಕು" ಎಂದು ಚಿಕ್ಕಪ್ಪ ಫೋನಿನಲ್ಲಿ ಅಂದದ್ದೇ ತಡ, ನಮ್ಮ ವ್ಯಾನ್ ಡ್ರೈವರ್ ಮಾವ "ನನಗೇನಾಗಿದೆಯೋ, ಗುಂಡುಕಲ್ಲಿನ ಹಾಗಿದ್ದೀನಿ!" ಎಂದು ಕೀಲಿ ಬಿಸಾಡಿ ಹೋದರು. ರಿಪೇರಿಯವರು ಬಂದು, ಇನ್ನು ಮೇಲೆ ಬಹಳ ಹೊತ್ತು ಕಾಯಕೂಡದೆಂದು ತಮಗೆ ಟೈಮ್‌ಔಟ್ ಎಂಬ ಗಡುವು ಹಾಕಿದರು.

ಆಮೇಲಿನ ತಮ್ಮ ಚುರುಕನ್ನು ಎಷ್ಟು ಹೊಗಳಿದರೂ ಸಾಲದು. ಅಕ್ಕನ ಮದುವೆಯ ಕರೆಯೋಲೆಗೆ ಭಾವನ ಫೋಟೋ ಕೇಳಿದೆವು. ಪೆಟ್ಟಿಗೆ ತಡಮಾಡಿತು, ತಾವು ಕೈಬಿಟ್ಟಿರಿ. ಸರಿ, ಅಷ್ಟರಲ್ಲಿ ಕಾಣೆಯಾದ ನಾಯಿಯ ಪೋಸ್ಟರ್ ಮುಗಿಸೋಣವೆಂದು ನಾಯಿಯ ಫೋಟೋ ಕೇಳಿದೆವು. ಆಗ ತಡವಾಗಿ ಬಂದ ಭಾವನನ್ನು ತಾವು ನಾಯಿಯೆಂದು ಕೊಟ್ಟಿರಿ. ಮತ್ತೆ ಭಾವನನ್ನು ಕೇಳಿದರೆ, ಅವನ ಹಿಂದೆಯೇ ಬರುತ್ತಿದ್ದ ನಾಯಿಯನ್ನು ಕೊಟ್ಟಿರಿ. ಮಸಿ ಅಂಟದಿರಲೆಂದು ನಮ್ಮಲ್ಲಿ ಕಾಗದವನ್ನು ಬೋರಲು ಹಾಕಿ ಕತ್ತರಿಸುವ ರೂಢಿ. ನಾನು ಅಂಚು ನೋಡಿದೆ, ಮುಖ ನೋಡಲಿಲ್ಲ.

ಹೀಗಾಗಿ ಕರೆಯೋಲೆಯಲ್ಲಿ ಅಕ್ಕನ ಪಕ್ಕ ನಾಲಿಗೆ ಚಾಚಿದ ವರ. ಗೋಡೆಗೋಡೆಯ ಮೇಲೂ ಭಾವನ ನಗುಮುಖ, ಕೆಳಗೆ "ಕಾಣೆಯಾಗಿದೆ. ಹೆಸರು ಕರೆದರೆ ಬಾಲ ಅಲ್ಲಾಡಿಸುತ್ತದೆ." ಯಾರೋ ಭಾವನನ್ನು ದಾರಿಯಲ್ಲಿ ಹಿಡಿದು ನಾಯಿಯ ಯಜಮಾನಿಗೆ ಒಪ್ಪಿಸಿದರಂತೆ. ಆ ತಾಯಿ ಬೈಯದೆ ಒಂದು ಬಟ್ಟಲು ಹಾಲು ಕೊಟ್ಟರಂತೆ.

ಇಂದು ಮದುವೆ. ಭಾವ ಮನೆಯ ಬಾಗಿಲು ಹಾಕಿಕೊಂಡು ಕುಳಿತಿದ್ದಾನೆ. ಆದ್ದರಿಂದ ತಾವು ದಯಮಾಡಿ ವೈರಿನಿಂದ ಇಳಿದು, ಅವನ ಬಾಗಿಲು ತಟ್ಟಿ, ತಪ್ಪು ತಮ್ಮದೇ ಎಂದು ಒಪ್ಪಿಕೊಂಡು ಅವನನ್ನು ಕರೆತರಬೇಕು. ಇನ್ನು ಮುಂದಾದರೂ, ತಡವಾಗಿ ಬಂದವರನ್ನು ಯಾರು ಕರೆದಿದ್ದರೆಂದು ವಿಚಾರಿಸಿ ಒಳಗೆ ಬಿಡಬೇಕು.

ತಡವಾದರೂ ತಮ್ಮ ವಿಶ್ವಾಸಿ,
ಮದುಮಗಳ ತಮ್ಮ

ಮರೆತ ಮಾತು: ಕರೆಯೋಲೆ ನೋಡಿ ಗುರುತು ಹಿಡಿದ ಪುಣ್ಯಾತ್ಮರೊಬ್ಬರು ನಾಯಿಯನ್ನು ನೇರ ಮದುವೆಗೇ ತಂದು ಬಿಟ್ಟಿದ್ದಾರೆ, ಅದು ವರನ ಕುರ್ಚಿಯಲ್ಲಿ ಕೂತಿದೆ. "ಏಳೇ, ಗಂಡು ಬರಲ್ಲ" ಎಂದು ದೊಡ್ಡಮ್ಮ ಅಂದರೆ, ಅಕ್ಕ ನಾಯಿಯ ತಲೆ ಸವರುತ್ತ, "ಬರ್ತಾರೆ ಬಿಡಿ ದೊಡ್ಡಮ್ಮ, ಇನ್ನೊಂಚೂರು ನೋಡೋಣ" ಎಂದಳು. ತಾವು ಬರುವ ತೊಂದರೆ ಬೇಡ. ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಮುನಿಸು ಬಿಟ್ಟು ನಮ್ಮ ಡ್ರೈವರ್ ಮಾವನೇ ಭಾವನ ಮನೆಗೆ ಹೋಗಿದ್ದರು, ಕೇಳಿದವನನ್ನೇ ತಂದಿದ್ದಾರೆ.