ಓಡಿಹೋದ ಕೋರ್ಟು

ಮೆರಿಟ್ ಊರಿನವರು ಇವತ್ತು ಕೋರ್ಟು ಕದಿಯಲು ಬರುತ್ತಾರಂತೆ ಎಂದು ಕ್ಷೌರದಂಗಡಿಯಲ್ಲಿ ಯಾರೋ ಅಂದದ್ದೇ ತಡ, ಶಿರಸ್ತೇದಾರ ಅಲ್ಫಿಯಸ್ ಟಟಲ್ ಅರ್ಧ ಗಡ್ಡದಲ್ಲೇ ಎದ್ದು ಓಡಿದ.

ಕೋರ್ಟು ಕದಿಯುವುದೆಂದರೆ ಕಟ್ಟಡ ಹೊತ್ತೊಯ್ಯುವುದಲ್ಲ. ಆ ಹುಲ್ಲುಗಾವಲಿನ ಸೀಮೆಯಲ್ಲಿ ಕೋರ್ಟೆಂದರೆ ಒಂದು ದಪ್ಪ ದಾಖಲೆ ಪುಸ್ತಕ, ಅದನ್ನು ಬರೆಯುವ ಒಬ್ಬ ಶಿರಸ್ತೇದಾರ. ಇವೆರಡೂ ಎಲ್ಲಿವೆಯೋ ಅದೇ ಜಿಲ್ಲಾ ಕೇಂದ್ರ. ಎರಡು ವರ್ಷದಲ್ಲಿ ಅದು ಮೂರು ಊರು ಸುತ್ತಿ ಡ್ರೈಫೋರ್ಡಿಗೆ ಬಂದಿತ್ತು. ಇದನ್ನು ಕೈಬಿಟ್ಟರೆ ನಿನ್ನನ್ನೂ ಊರು ಬಿಡಿಸುತ್ತೇವೆ ಎಂದು ಹಿರಿಯರು ಅಲ್ಫಿಯಸನ ಮುಖಕ್ಕೇ ಹೇಳಿದ್ದರು. ಮಧ್ಯಾಹ್ನಕ್ಕೆ ಜಡ್ಜ್ ಸಾಹೇಬರು ಬೇರೆ ಬರುವವರಿದ್ದರು.

ಕಚೇರಿ ಸೇರಿ ಪುಸ್ತಕವನ್ನು ತಬ್ಬಿಕೊಂಡು ಕೂತನೋ ಇಲ್ಲವೋ, ಅದೇ ಊರಿನ ಪ್ಲಂಕೆಟ್ಟನ ಹೆಂಡತಿ ಬಂದಳು.

"ಸ್ವಲ್ಪ ಪುಸ್ತಕ ತೆಗೀರಿ ಟಟಲ್ ಅವ್ರೇ, ನಮ್ಮ ಮದ್ವೆ ತಾರೀಖು ನೋಡ್ಬೇಕು."

"ಮದ್ವೆಯಾಗಿ ವರ್ಷ ಆಗಿಲ್ಲ, ಆಗ್ಲೇ ಮರೆತ್ರಾ?"

"ಮರೆತಿರೋದು ನನ್ ಗಂಡ. ತೋರ್ಸಿ ಮಂಗಳಾರತಿ ಮಾಡ್ಬೇಕು."

"ನಿಮ್ಮ ತೌರು?"

"ಮೆರಿಟ್."

"ಅಂದ್ಕೊಂಡೆ!" ಎಂದು ಅಲ್ಫಿಯಸ್ ಬಾಗಿಲು ಹಾಕಿದ.

ಆಮೇಲೆ ಪಾದ್ರಿಗಳು ಕೋರ್ಟಿನಲ್ಲಿ ಸಾಕ್ಷಿಗಳಿಂದ ಪ್ರಮಾಣ ಮಾಡಿಸಲೆಂದು ಹೊಸ ಬೈಬಲ್ ತಂದರು. ಅದು ದಾಖಲೆ ಪುಸ್ತಕದಷ್ಟೇ ದಪ್ಪವಿತ್ತು. ಅದಲುಬದಲು ಮಾಡುವ ಹುನ್ನಾರ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ದೇವರ ಸೇವಕರನ್ನೂ ಅವನು ಹೊಸ್ತಿಲಿಂದಾಚೆಗೆ ಸಾಗಹಾಕಿದ.

ಇನ್ನು ಇಲ್ಲಿ ಪುಸ್ತಕ ಉಳಿಯದು ಎನಿಸಿತು. ಹಿತ್ತಿಲಿಂದ ನುಸುಳಿ, ಪಕ್ಕದ ಬಡಗಿ ಗಿಡಿಯನ್ನನ ಕೊಟ್ಟಿಗೆಯಲ್ಲಿದ್ದ ಶವಪೆಟ್ಟಿಗೆಯೊಳಗೆ, ಮರದ ಹೊಟ್ಟಿನಡಿ ಅದನ್ನು ಹುದುಗಿಸಿದ. ಶವಪೆಟ್ಟಿಗೆಗೆ ಕೈಹಾಕುವ ಕಳ್ಳ ಎಲ್ಲಿದ್ದಾನೆ? ನೆಮ್ಮದಿಯಾಗಿ ಹೋಗಿ ಉಳಿದರ್ಧ ಗಡ್ಡ ಬೋಳಿಸಿಕೊಂಡು ಬಂದ. ಪೆಟ್ಟಿಗೆಯೇ ಇರಲಿಲ್ಲ.

"ಗಿಡಿಯನ್, ಪೆಟ್ಟಿಗೆ ಎಲ್ಲಯ್ಯಾ?"

"ಬಂಡೀಲಿ ಕಳಿಸ್ದೆ. ಮೆರಿಟ್‌ನಲ್ಲಿ ಮುದ್ಕ ಓಬದ್ಯ ಹೋಗ್ಬಿಟ್ನಲ್ಲ." ಗಿಡಿಯನ್ ಅವನನ್ನು ಅನುಮಾನದಿಂದ ನೋಡಿದ. "ಯಾಕೆ, ನಿಂಗೆ ಬೇಕಿತ್ತಾ?"

"ಇವತ್ತು ಸಂಜೆಯೊಳ್ಗೆ ಬೇಕಾಗುತ್ತೆ!"

ಸಿಕ್ಕಿದ ಹೇಸರಗತ್ತೆ ಹತ್ತಿ ಅಲ್ಫಿಯಸ್ ಆರು ಮೈಲಿ ಓಡಿಸಿದ. ಮೆರಿಟ್ ತಲುಪಿದಾಗ ಊರಿಗೆ ಊರೇ ಓಬದ್ಯನ ಅಂಗಳದಲ್ಲಿ ಟೋಪಿ ತೆಗೆದು ನಿಂತಿತ್ತು. ದಾರಿಯಲ್ಲಿ ಸಾವಿನ ಸುದ್ದಿ ಕೇಳಿ ಇಳಿದಿದ್ದ ಜಡ್ಜ್ ಸಾಹೇಬರೂ ಅಲ್ಲೇ ಇದ್ದರು. ಹೆಣ ಇಳಿಸಲೆಂದು ಇಬ್ಬರು ಪೆಟ್ಟಿಗೆಯ ಮುಚ್ಚಳಕ್ಕೆ ಕೈಹಾಕಿದರು.

"ಮುಟ್ಬೇಡಿ ಕಳ್ರಾ! ಅದರೊಳ್ಗೆ ನಮ್ಮ ಕೋರ್ಟಿದೆ!"

ಅಂಗಳವೆಲ್ಲ ಅವನತ್ತ ತಿರುಗಿತು. ಕದಿಯುವ ಮಾತೇ ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೆರಿಟ್‌ನ ಮುಖಂಡ ಮುಚ್ಚಳ ಎತ್ತಿ, ಹೊಟ್ಟು ಕೆದಕಿ, ಪುಸ್ತಕ ನೋಡಿ, ಹಲ್ಲು ಕಿರಿದ.

"ಸಾಹೇಬ್ರೇ, ಪುಸ್ತಕ ಬಂತು. ಶಿರಸ್ತೇದಾರ್ರೂ ತಾವಾಗೇ ಬಂದ್ರು."

"ಹಾಗಾದ್ರೆ ಕೋರ್ಟು ಇಲ್ಲೇ," ಎಂದರು ಜಡ್ಜ್. "ಮಣ್ಣು ಮುಗೀಲಿ, ಕೂರೋಣ. ಟಟಲ್, ಜಿಲ್ಲಾ ಕೇಂದ್ರ ಮೆರಿಟ್ ಅಂತ ಬರ್ಕೊಳ್ಳಿ."

ಮಧ್ಯಾಹ್ನ ಅದೇ ಅಂಗಳದಲ್ಲಿ ಮೇಜು ಬಿತ್ತು. ಅಲ್ಫಿಯಸ್ ಕಣ್ಣೀರು ನುಂಗಿಕೊಂಡು ಬರೆದ. ಶಾಯಿ ಆರುವ ಮೊದಲೇ ಡ್ರೈಫೋರ್ಡಿನ ಹಿರಿಯರು ಕುದುರೆಗಳ ಮೇಲೆ ಧೂಳೆಬ್ಬಿಸಿಕೊಂಡು ಬಂದಿಳಿದರು.

"ಸಾಹೇಬ್ರೇ, ನಮ್ದೊಂದು ಫಿರ್ಯಾದು! ನಮ್ಮ ಕೋರ್ಟಿನ ಪುಸ್ತಕ ಕದ್ದು ಈ ಊರಿಗೆ ತಂದೋನ ಮೇಲೆ!"

"ದಾಖಲಿಸ್ಕೊಳ್ಳಿ ಟಟಲ್, ಮೊದಲ್ನೇ ಕೇಸು," ಎಂದರು ಜಡ್ಜ್. "ಆರೋಪಿ ಹೆಸರು?"

ಶಿರಸ್ತೇದಾರ ಯಾರನ್ನೂ ಕೇಳಲಿಲ್ಲ. ಲೇಖನಿ ಅದ್ದಿ, ದುಂಡಗೆ, ಒಂದಕ್ಷರವೂ ತಪ್ಪದಂತೆ ಬರೆದ: ಅಲ್ಫಿಯಸ್ ಟಟಲ್.