ಬೆಲ್ಲದ ಕೋಣೆಯ ಕೊಡಲಿ

ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಶಹಾಬಾದಿನ ವಾಚನಾಲಯದಲ್ಲಿ ಯಾವ ಪುಸ್ತಕ ಬಂದರೂ ಒಂದೇ ಪ್ರತಿ. ಹಾಗಾಗಿ ಒಬ್ಬ ಓದುವುದು, ಉಳಿದವರು ಕೇಳುವುದು ರೂಢಿ. ಓದುವವನು ಲೈಬ್ರರಿಯನ್ ಅಯ್ಯಪ್ಪ. ನೌಕರಿ ಇನ್ನೂ ಹಂಗಾಮಿ.

ಪಾಪ, ಅವನು ಮಾಡಿದ್ದು ಕೆಟ್ಟ ಮನಸ್ಸಿನಿಂದಲ್ಲ. ಶಹಾಬುದ್ದೀನ ಸಾಹೇಬರು ಬರೆದ ಪುಸ್ತಕ, ಚಂದಾಪುರದ ಸಾವುಕಾರನ ಖೂನಿಯ ನಿಜಕತೆ. ಓದುತ್ತ ಓದುತ್ತ ಕೊನೆಯ ಪುಟಕ್ಕೆ ಬಂದರೆ ಖೂನಿ ಮಾಡಿದವಳು ಅಡುಗೆಯವಳು! ಎದುರಿಗೆ ಕೂತು ಕೇಳುತ್ತಿದ್ದ ಅನಸುಬಾಯಿಯೂ ಹಾಸ್ಟೆಲಿನ ಅಡುಗೆಯವಳೇ. ಅಯ್ಯಪ್ಪನಿಗೆ ನಾಲಗೆ ಏಳಲಿಲ್ಲ. ಪುಟದ ಮೇಲಿನ ಕಣ್ಣು ತೆಗೆಯದೆ ಖೂನಿಯನ್ನು ಸಾವುಕಾರನ ಲೆಕ್ಕ ಬರೆಯುವ ಮುನೀಮನ ತಲೆಗೆ ಕಟ್ಟಿದ. ಕೊಡಲಿ ಎಲ್ಲಿ ಹೋಯಿತೆಂದು ಪುಸ್ತಕದಲ್ಲಿರಲಿಲ್ಲ. ಹಾಸುಗಲ್ಲಿನ ಗಣಿಗಳ ಊರಾದ ಶಹಾಬಾದಿನವನಿಗೆ ಮತ್ತೇನು ತೋಚೀತು, ಸಾವುಕಾರನ ಬೆಲ್ಲದ ಕೋಣೆಯ ನೆಲದ ಫರಸಿ ಕಲ್ಲು ಎಬ್ಬಿಸಿ ಅದರಡಿ ಹುಗಿಸಿಬಿಟ್ಟ. ಕೇಳಿದವರು ಭೇಷ್ ಅಂದರು.

ಈಗ ಬರೆದವರೇ ಚರ್ಚೆಗೆ ಬಂದು ಕೂತಿದ್ದಾರೆ. ಜೊತೆಗೆ ಅವರ ಗೆಳೆಯ, ಚಂದಾಪುರ ಪೊಲೀಸ್ ಠಾಣೆಯ ಫೌಜದಾರ. ಪುರಸಭೆಯ ಅಧ್ಯಕ್ಷರಂತೂ ಮೊದಲೇ ಹೇಳಿದ್ದರು: "ಸಭಾ ಛಲೋ ಆದ್ರ ನಿನ್ನ ನೌಕರಿ ಕಾಯಂ."

ಅಯ್ಯಪ್ಪ ಹಾರ ಹಾಕಿದವನೇ ಅವಸರ ಮಾಡಿದ. "ಸಾಹೇಬ್ರು ದಣದಾರ. ಪ್ರಶ್ನೆ ಗಿಶ್ನೆ ಬ್ಯಾಡ್ರಿ, ಚಹಾ ಕುಡೀರಿ."

"ದಣಿವೇನಿಲ್ಲ, ಕೇಳ್ರಿ," ಅಂದರು ಸಾಹೇಬರು.

ಕಲ್ಲಿನ ಗಣಿಯ ಖಾಜಾಮಿಯಾ ಎದ್ದ. "ಸಾಬ್, ಆ ಮುನೀಮ ಬೆಲ್ಲದ ಕೋಣ್ಯಾಗ ಫರಸಿ ತಳಗ ಕೊಡ್ಲಿ ಹುಗದಿದ್ದು ಭಾಳ ಛಲೋ ಬರದೀರಿ."

ಸಾಹೇಬರ ಕೈಯ ಚಹಾದ ಬಸಿ ಅಲ್ಲೇ ನಿಂತಿತು. "ಏನಂದ್ರಿ?"

"ಖಾಜಾಮಿಯಾ, ಅದು ಬ್ಯಾರೆ ಬುಕ್ಕು," ಅಂದ ಅಯ್ಯಪ್ಪ.

"ಬ್ಯಾರೆ ಹ್ಯಾಂಗಾಗ್ತದೋ? ಇಲ್ಲೇ ಕುಂತು ನೀನೇ ಓದಿದಿ," ಅಂದಳು ಅನಸುಬಾಯಿ.

"ನಾ ಬರದದ್ದು ಅಡಗಿಯಾಕಿ ಹೊಡದಾಳಂತ," ಅಂದರು ಸಾಹೇಬರು.

ಅನಸುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಧ್ಯಕ್ಷರ ಮುಖ ಕೆಂಪಾಯಿತು. "ಅಯ್ಯಪ್ಪಾ, ಜನರಿಗೆ ಸುಳ್ಳು ಓದಿದೇನು?" ನೌಕರಿ ಹೋಯಿತು ಎಂದುಕೊಂಡ ಅಯ್ಯಪ್ಪ.

"ಸುಳ್ಳು ಅವರದಲ್ಲ, ನನ್ನ ಬುಕ್ಕಿನದು," ಅಂದರು ಸಾಹೇಬರು, ದನಿ ಸಣ್ಣಗಾಗಿತ್ತು. "ಹ್ವಾದ ವಾರ ಮುನೀಮ ಸಾಯೋ ಹೊತ್ತಿನ್ಯಾಗ ಖೂನಿ ಒಪ್ಪಿಕೊಂಡ. ಕೊಡ್ಲಿ ಬೆಲ್ಲದ ಕೋಣಿ ಫರಸಿ ತಳಗೇ ಸಿಕ್ತು."

ಅಧ್ಯಕ್ಷರೇ ಮೊದಲು ಚಪ್ಪಾಳೆ ತಟ್ಟಿದರು. "ಶಾಭಾಸ್. ನಿನ್ನ ನೌಕರಿ ಕಾಯಂ."

ಅಯ್ಯಪ್ಪನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಫೌಜದಾರ ಟೋಪಿ ಹಾಕಿಕೊಂಡು ಎದ್ದು ಅವನ ಕಡೆ ತಿರುಗಿದ.

"ಆ ಕಲ್ಲು ಒಬ್ಬನ ಕೈಲೆ ಏಳಂಗಿಲ್ಲ. ಜೋಡಿ ಇನ್ನೊಬ್ಬ ಇದ್ದ ಅಂದ ಮುನೀಮ, ಹೆಸರು ಹೇಳೂದ್ರಾಗ ಜೀವ ಹೋತು. ಕೊಡ್ಲಿ ಅಲ್ಲಿತ್ತನ್ನೂದು ಇವತ್ತಿನ ತನಕ ಹೊರಗ ಯಾರಿಗೂ ಗೊತ್ತಿರಲಿಲ್ಲ. ನಿಮಗ ಹ್ಯಾಂಗ ಗೊತ್ತಾತು?"

"ದೇವರಾಣಿ ಸಾಹೇಬ್ರ, ಎಲ್ಲಾ ಸುಳ್ಳು. ನಾನೇ ಹುಟ್ಟಿಸಿ ಓದೀನಿ."

"ಸುಳ್ಳು ಇಷ್ಟು ಕರೆಕ್ಟ್ ಇರ್ತದೇನು?" ಅಂದ ಖಾಜಾಮಿಯಾ, ಎರಡು ಹೆಜ್ಜೆ ಹಿಂದೆ ಸರಿದು.

ಫೌಜದಾರ ಮರ್ಯಾದೆಯಿಂದಲೇ ರಟ್ಟೆ ಹಿಡಿದ. "ಬರ್ರಿ, ಉಳಿದದ್ದು ಠಾಣ್ಯಾಗ ಕುಂತು ಹೇಳ್ರಿ."

ಉಳಿದದ್ದು ಕೇಳಬೇಕಲ್ಲ, ವಾಚನಾಲಯದವರೆಲ್ಲ ಅವರ ಹಿಂದೆಯೇ ಹೊರಟರು.