ತಲೆಗೆ ಅಯಸ್ಕಾಂತ, ಕೊರಳಿಗೆ ಕೊಕ್ಕೆ

ಮನೆಯಲ್ಲಿ ಬೈಗುಳ ನಿಂತರೆ ಗಂಡಸರಿಗೆ ತಾವು ಗೆದ್ದೆವೆಂಬ ಭ್ರಮೆ ಹುಟ್ಟುತ್ತದೆ. ಅಡುಗೆ ನನ್ನ ಪಾಲಿಗೆ ಬಿದ್ದಿದ್ದರೂ ನನಗೂ ಹುಟ್ಟಿತ್ತು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ನನಗೆ, ಹೆಂಡತಿ ಸಾವಿತ್ರಿ ಬೈಯುವುದನ್ನಷ್ಟೇ ಅಲ್ಲ, ನಗುವುದನ್ನೂ ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದಾಳೆಂದು ತಿಳಿಯಲು ಆರು ತಿಂಗಳು ಹಿಡಿಯಿತು. ಹಾಸನದ ಡಾಕ್ಟರು ಖಿನ್ನತೆ ಎಂದರು. ಒಂದು ವರ್ಷ ಬಗೆಬಗೆಯ ಮಾತ್ರೆ ಕೊಟ್ಟರು. ಅವಳು ನುಂಗಿದಳು, ಗೋಡೆ ನೋಡುತ್ತಾ ಕೂತಳು. ಕೊನೆಗೆ, "ಬೆಂಗಳೂರಿಗೆ ಹೊಸ ಚಿಕಿತ್ಸೆ ಬಂದಿದೆ. ತಲೆಯ ಪಕ್ಕ ಅಯಸ್ಕಾಂತದ ಸುರುಳಿ ಹಿಡಿದು ಮಿದುಳನ್ನು ಚುರುಕುಗೊಳಿಸುತ್ತಾರೆ, ನೋಡೋಣ" ಎಂದರು. ಅಯಸ್ಕಾಂತ ಎಂದೊಡನೆ ನನಗೆ ಧೈರ್ಯ ಬಂತು. ಪ್ರತಿವರ್ಷ ನಾನೇ ಮಾಡುತ್ತಿದ್ದ ಪಾಠವಲ್ಲವೇ!

ಚಿಕಿತ್ಸೆಗೆ ಕೂರುವ ಮೊದಲು ಓಲೆ, ಹೇರ್‌ಪಿನ್ನು, ತಾಳಿಸರ ಎಲ್ಲವನ್ನೂ ತೆಗೆಯಬೇಕೆಂದು ಕೇಳಿ, ಹಿರೀಸಾವೆಯಿಂದ ಬಂದಿದ್ದ ಅತ್ತೆಯ ಮುಖ ಕಪ್ಪಿಟ್ಟಿತು. ನಾನು ಎಸ್‌.ಟಿ.ಡಿ. ಬೂತಿಗೆ ಹೋಗಿ, ಚಿನ್ನ ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂದು ಆಸ್ಪತ್ರೆಯವರಿಗೇ ಪಾಠ ಹೇಳಿದೆ. ನಿಯಮ ಬದಲಾಗಲಿಲ್ಲ. ಆಮೇಲೆ ಅತ್ತೆಯೇ ತೀರ್ಪು ಕೊಟ್ಟರು: "ತಗೀಲೇಬೇಕು ಅಂದ್ರೆ ತಗೀರಿ ಅಳಿಯಂದ್ರೇ. ಆದ್ರೆ ಅವ್ಳಾಗವ್ಳೇ ತಿರ್ಗ ಆಕ್ಕೊಳ್ಳಂಗಿಲ್ಲ ಕಣಪ್ಪ. ದಿನಾ ನೀವೇ ಆಕ್ಬೇಕು, ಮೂಡ್ಲ ಕಡೆ ಮಕ ಮಾಡ್ಕಂಡು."

ಬೆಂಗಳೂರಿನಲ್ಲಿ ಸಾವಿತ್ರಿಯ ತಂಗಿಯ ಮನೆಯಲ್ಲಿ ಉಳಿದೆವು. ಆಸ್ಪತ್ರೆಯ ಕೋಣೆಯೊಳಗೆ ಯಂತ್ರ ಮರಕುಟಿಗನಂತೆ ಟಕಟಕ ಎನ್ನುತ್ತಿದ್ದರೆ ಹೊರಗೆ ವರಾಂಡದಲ್ಲಿ ನಾನು ತಾಳಿಯನ್ನು ಕರ್ಚೀಫಿನಲ್ಲಿ ಸುತ್ತಿ ಹಿಡಿದು ಕೂರುತ್ತಿದ್ದೆ. ಒಮ್ಮೆ ಕಟ್ಟಿ ಕೈತೊಳೆದುಕೊಂಡವನಿಗೆ ಈಗ ದಿನಕ್ಕೊಂದು ಮದುವೆ. ಆ ವರಾಂಡದ ಪೂರ್ವಕ್ಕೆ ಗಂಡಸರ ಶೌಚಾಲಯವಿತ್ತು. ಅದಕ್ಕೆ ಮುಖ ಮಾಡಿ ನಿಂತ ವಧೂವರರನ್ನು ಕಂಡು ಕಸ ಗುಡಿಸುವಾಕೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಸಾವಿತ್ರಿ ನಗುತ್ತಿರಲಿಲ್ಲ, ಸುಮ್ಮನೆ ಕತ್ತು ಬಗ್ಗಿಸುತ್ತಿದ್ದಳು. ಆ ಕತ್ತು ಎಷ್ಟು ಬಡವಾಗಿದೆಯೆಂದು ನಾನು ನೋಡಿದ್ದೇ ಆಗ. ಇವಳು ಹೀಗೇ ಉಳಿದುಬಿಟ್ಟರೆ ಎಂದು ಹೆದರಿಕೆಯಾಯಿತು.

ಮೂರನೇ ವಾರ ತಾಳಿಸರದ ಕೊಕ್ಕೆಗೆ ಅವಳ ಕೂದಲು ಸಿಕ್ಕಿಕೊಂಡಿತು. "ಅಯ್ಯೋ, ಕೂದ್ಲು ಕಣ್ರೀ! ಮೂರು ವಾರ ಆಯ್ತು, ಒಂದ್ ಕೊಕ್ಕೆ ಆಕಾಕೆ ಬರ್ಲಿಲ್ವಲ್ಲ ನಿಮ್ಗೆ. ಇಸ್ಕೂಲಲ್ಲಿ ಅದೇನ್ ಕಲಿಸ್ತೀರೋ!" ಒಂದೂವರೆ ವರ್ಷದ ಮೇಲೆ ಬಿದ್ದ ಬೈಗುಳ! ನನಗೆ ಅಳು ಬಂತು. ಇನ್ನೊಂದಿಷ್ಟು ಬೈಯಲಿ ಎಂದು ಕೊಕ್ಕೆಯನ್ನು ಬೇಕೆಂದೇ ಮತ್ತೊಮ್ಮೆ ತಪ್ಪಿಸಿದೆ.

ಪೂರ್ತಿ ವಾಸಿಯಾಯಿತು ಎನ್ನಲಾರೆ. ಮಾತ್ರೆ ನಡೆದಿದೆ, ಕೆಲವು ದಿನ ಮಂಕು ಕವಿಯುತ್ತದೆ. ಆದರೆ ಮೊನ್ನೆ ಅವಳೇ ಅಡುಗೆಮನೆಗೆ ಬಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. "ನಿನ್ನ ಕಾಯಿಲೆ ನನಗೆ ಮೊದಲೇ ಗೊತ್ತಾಗಬೇಕಿತ್ತು" ಎಂದು ನಾನು ತಪ್ಪೊಪ್ಪಿಕೊಂಡೆ.

"ಮತ್ತೆ? ನೀವು ಕೆದಕಿದ ಉಪ್ಪಿಟ್ನ ತಿಂಗಳುಗಟ್ಲೆ ಒಂದ್ ಮಾತೂ ಆಡ್ದೆ ತಿಂದ್ನಲ್ಲ, ಆಗ್ಲೇ ಗೊತ್ತಾಗ್ಬೇಕಿತ್ತು, ನಂಗೆ ಉಸಾರಿಲ್ಲ ಅಂತ."

ಚೆನ್ನಾಗಿದೆ ಎಂದೇ ತಿನ್ನುತ್ತಿದ್ದಾಳೆಂದು ನಾನು ನಂಬಿಕೊಂಡಿದ್ದೆ.